ಕಲಬುರಗಿಯ 42 ಡಿಗ್ರಿ ತಡೆದ ಅಮ್ಮನಿಗೆ ಡೊಂಬಿವಲಿಯ 35 ಯಾಕೆ ತಡೆಯಲಾಗುತ್ತಿಲ್ಲ?

ಪ್ರಶ್ನೆ: ಅಮ್ಮನಿಗೆ 74 ವರ್ಷ. ಅಪ್ಪ ಹೋದ ಮೇಲೆ ಕಲಬುರಗಿಯಿಂದ ಮುಂಬೈ ಪಕ್ಕದ ಡೊಂಬಿವಲಿಗೆ, ನಮ್ಮ ಹತ್ತಿರ ಬಂದಿದ್ದಾರೆ. ಅಲ್ಲಿ 42 ಡಿಗ್ರಿ ಬಿಸಿಲಲ್ಲಿ ಹಪ್ಪಳ ಒಣಗಿಸುತ್ತಿದ್ದವರು. ಇಲ್ಲಿ 35ಕ್ಕೇ ಸುಸ್ತಾಗಿ ಮಲಗಿಬಿಡುತ್ತಾರೆ. ಇಡೀ ದಿನ ಫ್ಯಾನ್ ಕೆಳಗೇ ಇರುತ್ತಾರೆ, ಅಷ್ಟು ಸಾಕಲ್ವಾ?

ಉತ್ತರ: ಸಾಕಾಗುವುದಿಲ್ಲ. ನಿಮ್ಮ ಅಮ್ಮನ ಸುಸ್ತು ಸುಳ್ಳೂ ಅಲ್ಲ, ಸೋಮಾರಿತನವೂ ಅಲ್ಲ.

ಊರಿನ ಮನೆಯ ಮಣ್ಣಿನ ಗಡಿಗೆ ನೆನಪಿದೆಯಾ? ಅಲ್ಲಿ ಅದರ ನೀರು ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿರುತ್ತಿತ್ತು. ಅದೇ ಗಡಿಗೆಯನ್ನು ಇಲ್ಲಿ ತಂದಿಟ್ಟು ನೋಡಿ, ಅಷ್ಟು ತಂಪಾಗುವುದಿಲ್ಲ. ಗಡಿಗೆಯಿಂದ ಜಿನುಗಿದ ನೀರು ಆರಿದರೆ ಮಾತ್ರ ಒಳಗಿನ ನೀರು ತಣ್ಣಗಾಗುತ್ತದೆ. ಮುಂಬೈ ಕಡೆಯ ಗಾಳಿಯಲ್ಲಿ ಸಮುದ್ರದ ತೇವ ಮೊದಲೇ ತುಂಬಿರುತ್ತದೆ, ಹಾಗಾಗಿ ನೀರು ಬೇಗ ಆರುವುದಿಲ್ಲ. ನಮ್ಮ ಮೈಯೂ ಹೀಗೆಯೇ. ಬೆವರು ಸುರಿದರೆ ಸಾಲದು, ಅದು ಆರಬೇಕು. ಹವಾಮಾನ ಇಲಾಖೆಯೂ ಈ ವ್ಯತ್ಯಾಸ ಗಮನಿಸುತ್ತದೆ: ಬಿಸಿ ಅಲೆಯ ಲೆಕ್ಕಕ್ಕೆ ಬಯಲು ಸೀಮೆಯಲ್ಲಿ 40 ಡಿಗ್ರಿಯಾದರೂ ಮುಟ್ಟಬೇಕು, ಕರಾವಳಿಯಲ್ಲಿ 37 ಸಾಕು.

ರಾತ್ರಿಯ ವಿಷಯವೂ ಇದೆ. ಊರಲ್ಲಿ ಮಾಳಿಗೆ ಮೇಲೆ ಮಲಗಿದರೆ ನಡುರಾತ್ರಿ ಹೊತ್ತಿಗೆ ಮೈ ತಣಿಯುತ್ತಿತ್ತು. ಇಲ್ಲಿ ಹಗಲು ಕಾದ ಕಾಂಕ್ರೀಟ್ ರಾತ್ರಿಯೆಲ್ಲ ಬಿಸಿ ಬಿಡುತ್ತದೆ. ಮೈಗೆ ವಿಶ್ರಾಂತಿಯೇ ಸಿಗುವುದಿಲ್ಲ.

ಇದರ ಮೇಲೆ ವಯಸ್ಸು. ವಯಸ್ಸಾದಂತೆ ಬೆವರು ಕಡಿಮೆ, ಬಾಯಾರಿಕೆಯೂ ಕಡಿಮೆ. ಮೈಯಲ್ಲಿ ನೀರು ಇಳಿದಿದ್ದರೂ "ನನಗೇನೂ ಬೇಡಮ್ಮಾ" ಅನ್ನುತ್ತಾರೆ, ಮತ್ತು ಅದು ಅವರಿಗೆ ನಿಜವೇ. ಬಾಯಾರಿಕೆಗೆ ಕಾಯದೆ ಗಡಿಯಾರ ನೋಡಿ ಕೊಡಿ: ಗಂಟೆ, ಒಂದೂವರೆ ಗಂಟೆಗೊಮ್ಮೆ ಅರ್ಧ ಲೋಟ. ನೀರೇ ಆಗಬೇಕೆಂದಿಲ್ಲ. ತಿಳಿ ಮಜ್ಜಿಗೆ, ಎಳನೀರು, ರಾಗಿ ಅಂಬಲಿ, ಇಲ್ಲಿನ ಕೋಕಂ ಶರಬತ್ತು ಎಲ್ಲವೂ ಆಗುತ್ತದೆ. ಬಿಪಿ ಇದ್ದರೆ ಉಪ್ಪು ಹಿಡಿತದಲ್ಲಿರಲಿ, ಸಕ್ಕರೆ ಕಾಯಿಲೆ ಇದ್ದರೆ ಶರಬತ್ತಿಗೆ ಸಕ್ಕರೆ ಬೇಡ. ಹೃದಯ ಅಥವಾ ಕಿಡ್ನಿ ತೊಂದರೆ ಇದ್ದರೆ ದಿನಕ್ಕೆ ಎಷ್ಟು ನೀರು, ಎಳನೀರು ಕೊಡಬಹುದಾ ಎಂದು ಡಾಕ್ಟರನ್ನೇ ಕೇಳಿ.

ಇನ್ನೊಂದು ಮಾತು, ಇದನ್ನು ಅಮ್ಮಂದಿರು ಬಾಯಿಬಿಟ್ಟು ಹೇಳುವುದಿಲ್ಲ. ರಾತ್ರಿ ಬಾತ್‌ರೂಮಿಗೆ ಏಳಬೇಕಲ್ಲ, ಜಾರಿ ಬಿದ್ದರೆ, ಮಗನ ನಿದ್ದೆ ಕೆಟ್ಟರೆ ಎಂಬ ಭಯಕ್ಕೇ ಎಷ್ಟೋ ಜನ ನೀರು ಕುಡಿಯುವುದಿಲ್ಲ. ಬೈಯಬೇಡಿ. ಹೆಚ್ಚಿನ ನೀರು ಸಂಜೆ ಆರರೊಳಗೆ ಮುಗಿಯಲಿ. ದಾರಿಯಲ್ಲಿ ಸಣ್ಣ ದೀಪ ಹಾಕಿಡಿ.

ಫ್ಯಾನ್ ಬೇಡ ಅಂತಲ್ಲ. ಅದು ಒಣ ಮೈಗಿಂತ ಒದ್ದೆ ಮೈಗೆ ಜಾಸ್ತಿ ಉಪಯೋಗ. ಕತ್ತು, ಕೈ, ಪಾದಗಳನ್ನು ಒದ್ದೆ ಬಟ್ಟೆಯಲ್ಲಿ ಒರೆಸಿ ಆಮೇಲೆ ಫ್ಯಾನ್ ಹಾಕಿ. ಮಧ್ಯಾಹ್ನ ಟೆರೇಸ್ ಟ್ಯಾಂಕಿನ ನೀರು ಕಾದಿರುತ್ತದೆ, ಅದಕ್ಕೆ ಬೆಳಗ್ಗೆಯೇ ಒಂದು ಬಕೆಟ್ ತುಂಬಿಸಿ ಒಳಗಿಡಿ. ಕೋಣೆಯೇ 40 ಡಿಗ್ರಿ ದಾಟಿದರೆ ಫ್ಯಾನ್ ಬಿಸಿಗಾಳಿಯನ್ನೇ ಮೈಗೆ ಹೊಡೆಯುತ್ತದೆ. ಎಸಿ ಇದ್ದರೆ 27ಕ್ಕೆ ಇಟ್ಟು ಜೊತೆಗೆ ಫ್ಯಾನ್ ಹಾಕಿ, ಕರೆಂಟ್ ಬಿಲ್ಲೂ ಹಿಡಿತದಲ್ಲಿರುತ್ತದೆ. ಇಲ್ಲದಿದ್ದರೆ ಬಿಸಿಲು ಬೀಳುವ ಕಿಟಕಿಗೆ ಪರದೆ ಎಳೆದು, ರಾತ್ರಿ ಎಲ್ಲ ಕಿಟಕಿ ತೆರೆಯಿರಿ.

ಮಾತ್ರೆಗಳ ಚೀಟಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿ. ಮೂತ್ರ ಹೋಗಲು ಕೊಡುವ ಮಾತ್ರೆ, ಕೆಲವು ಬಿಪಿ ಮಾತ್ರೆ, ನಿದ್ದೆ ಮಾತ್ರೆ ಸೆಕೆಯಲ್ಲಿ ತೊಂದರೆ ಹೆಚ್ಚಿಸಬಹುದು. ನೀವಾಗಿಯೇ ನಿಲ್ಲಿಸಲೇಬೇಡಿ. ಸುಸ್ತು ಹೊಸದಾದರೆ ರಕ್ತ ಪರೀಕ್ಷೆಯೂ ಆಗಲಿ.

ಮುಂಬೈ ಸೆಕೆ ಸಣ್ಣದು ಅಂದುಕೊಳ್ಳಬೇಡಿ. 2023ರ ಏಪ್ರಿಲ್ 16ರಂದು ನವಿ ಮುಂಬೈನ ಖಾರ್ಘರ್‌ನಲ್ಲಿ ಬಯಲಲ್ಲಿ ನಡೆದ ಸಮಾರಂಭಕ್ಕೆ ಬಂದವರಲ್ಲಿ ಹತ್ತಕ್ಕೂ ಹೆಚ್ಚು ಜನ ಬಿಸಿಲಿನ ಹೊಡೆತಕ್ಕೆ ತೀರಿಕೊಂಡರು.

ಮೂತ್ರ ಕಡು ಹಳದಿಯಾದರೆ, ಎದ್ದಾಗ ತಲೆ ಸುತ್ತಿದರೆ ನೀರು ಸಾಲುತ್ತಿಲ್ಲ ಎಂದೇ ತಿಳಿಯಿರಿ. ಮಾತು ತಡವರಿಸಿದರೆ, ಗೊತ್ತಿದ್ದವರನ್ನೇ ಗುರುತಿಸದಿದ್ದರೆ, ಮೈ ಕೆಂಡದಂತೆ ಸುಡುತ್ತಿದ್ದರೆ ತಡಮಾಡದೆ 108ಕ್ಕೆ ಫೋನ್ ಮಾಡಿ. ಜ್ವರದ ಮಾತ್ರೆ ಇಲ್ಲಿ ಕೆಲಸ ಮಾಡುವುದಿಲ್ಲ. ಎಚ್ಚರ ತಪ್ಪಿದ್ದರೆ ಬಾಯಿಗೆ ನೀರು ಹಾಕಬೇಡಿ. ಬಟ್ಟೆ ಸಡಿಲಿಸಿ, ಮೈಮೇಲೆ ತಣ್ಣೀರು ಸುರಿಯಿರಿ, ಕತ್ತು, ಕಂಕುಳು, ತೊಡೆಸಂದಿಗೆ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ, ಗಾಳಿ ಬೀಸಿ. ಆಂಬುಲೆನ್ಸ್ ಬರುವವರೆಗೂ ನಿಲ್ಲಿಸಬೇಡಿ.