ಕೆಟ್ಸ್‌ಬಾಯಾ ಎಂದರೆ ಫಲಕಕ್ಕೆ ಒದ್ದ ಆಟಗಾರ ಮಾತ್ರವೇ?

ಪ್ರಶ್ನೆ: 1998ರಲ್ಲಿ ಬೋಲ್ಟನ್ ವಿರುದ್ಧ ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ನ್ಯೂಕ್ಯಾಸಲ್ ಪರ ಕೊನೆಗಳಿಗೆಯಲ್ಲಿ ಗೋಲು ಹೊಡೆದು, ಅಂಗಿ ಕಿತ್ತೆಸೆದು, ಜಾಹೀರಾತು ಫಲಕಕ್ಕೆ ಒದ್ದ ಜಾರ್ಜಿಯಾದ ತೆಮೂರ್ ಕೆಟ್ಸ್‌ಬಾಯಾ ಕೋಚ್ ಆಗಿ ಏನು ಸಾಧಿಸಿದರು?

ಉತ್ತರ: ಸೈಪ್ರಸ್ಸಿನ ಕ್ಲಬ್ಬೊಂದನ್ನು ಮೊಟ್ಟಮೊದಲ ಬಾರಿಗೆ ಯುರೋಪಿನ ಅಗ್ರ ಕ್ಲಬ್‌ಗಳ ಟೂರ್ನಿಯಾದ ಚಾಂಪಿಯನ್ಸ್ ಲೀಗ್‌ನ ಗುಂಪು ಹಂತಕ್ಕೆ ಮುಟ್ಟಿಸಿದರು. ಅವರ ಹೆಸರು ಉಳಿಯಬೇಕಾದದ್ದು ಇದಕ್ಕೇ.

ಕೆಟ್ಸ್‌ಬಾಯಾ ಹುಟ್ಟಿದ್ದು 1968ರಲ್ಲಿ, ಅಬ್‌ಖಾಜಿಯಾದ ಗಾಲಿಯಲ್ಲಿ. ದಿನಾಮೊ ತ್ಬಿಲಿಸಿ ಬಿಟ್ಟು ಅವರು ಮೊದಲು ಸೇರಿದ ವಿದೇಶಿ ಕ್ಲಬ್ ಸೈಪ್ರಸ್ಸಿನ ಅನೊರ್ಥೊಸಿಸ್. 1974ರ ಟರ್ಕಿ ದಾಳಿಯಲ್ಲಿ ತನ್ನ ಊರು ಫಮಗುಸ್ತಾವನ್ನೇ ಕಳೆದುಕೊಂಡು ಲಾರ್ನಾಕಾದಲ್ಲಿ ನೆಲೆ ಕಂಡ ಕ್ಲಬ್ ಅದು. ಎಇಕೆ ಅಥೆನ್ಸ್, ನ್ಯೂಕ್ಯಾಸಲ್, ವುಲ್ವ್ಸ್, ಡಂಡೀಗಳಲ್ಲಿ ಆಡಿ 2002ರಲ್ಲಿ ಅನೊರ್ಥೊಸಿಸ್‌ಗೇ ಮರಳಿದರು. ಆಡುತ್ತಲೇ ಕೋಚ್ ಹೊಣೆಯನ್ನೂ ಹೊತ್ತು 2005ರಲ್ಲಿ ಲೀಗ್ ಗೆಲ್ಲಿಸಿದರು, 2008ರಲ್ಲಿ ಮತ್ತೆ.

ಲೀಗ್ ಗೆದ್ದ ಮಾತ್ರಕ್ಕೆ ಚಿಕ್ಕ ದೇಶದ ಕ್ಲಬ್ಬಿಗೆ ಆಗ ಗುಂಪು ಹಂತದ ಬಾಗಿಲು ತೆರೆಯುತ್ತಿರಲಿಲ್ಲ. 2008ರಲ್ಲಿ ಅನೊರ್ಥೊಸಿಸ್ ಮೂರು ಅರ್ಹತಾ ಸುತ್ತು ದಾಟಬೇಕಿತ್ತು. ಒಂದೊಂದು ಸುತ್ತಿಗೂ ತವರಿನಲ್ಲೊಂದು, ಹೊರಗೊಂದು ಪಂದ್ಯ. ಎರಡರ ಗೋಲೂ ಕೂಡಿಸಿ ಲೆಕ್ಕ. ಅರ್ಮೇನಿಯಾದ ಪ್ಯುನಿಕ್ ಮೊದಲು ಸೋತಿತು. ರ‍್ಯಾಪಿಡ್ ವಿಯೆನ್ನಾ ಎದುರು ತವರಿನಲ್ಲಿ 3-0 ಗೆದ್ದು, ಹೊರಗೆ 1-3 ಸೋತರೂ ಒಂದು ಗೋಲಿನಿಂದ ಪಾರಾದರು. ಗ್ರೀಸಿನ ಒಲಿಂಪಿಯಾಕೊಸ್ ಎದುರೂ ಅದೇ ಜಾಡು: ತವರಿನಲ್ಲಿ 3-0, ಹೊರಗೆ 0-1. ಮೊದಲ ಪಂದ್ಯದಲ್ಲೇ ಗೋಲು ಗುಡ್ಡೆಹಾಕಿದ್ದು ಎರಡೂ ಸಲ ಕಾಪಾಡಿತು.

ಗುಂಪಿನಲ್ಲಿ ಇಟಲಿಯ ಇಂಟರ್, ಜರ್ಮನಿಯ ವೆರ್ಡರ್ ಬ್ರೆಮೆನ್, ಗ್ರೀಸಿನ ಪನಥಿನೈಕೊಸ್. ತವರಿನಲ್ಲಿ ಪನಥಿನೈಕೊಸ್ ಮೇಲೆ 3-1 ಜಯ. ಸೈಪ್ರಸ್ ರಾಜಧಾನಿ ನಿಕೋಸಿಯಾದಲ್ಲಿ, ಮೊರಿನ್ಯೊ ಕೋಚ್ ಆಗಿದ್ದ ಇಂಟರ್ ವಿರುದ್ಧ 80ನೇ ನಿಮಿಷದವರೆಗೂ 3-2 ಮುಂದಿದ್ದು, ಕೊನೆಗೆ 3-3 ಡ್ರಾ. ಕಡೆಯ ಪಟ್ಟಿ ನೋಡಿದವರು ‘6 ಅಂಕ, ನಾಲ್ಕನೇ ಸ್ಥಾನ’ ಎಂದು ಪುಟ ತಿರುಗಿಸುತ್ತಾರೆ. ಅದು ಅನ್ಯಾಯ. ಅಥೆನ್ಸ್‌ನಲ್ಲಿ ಪನಥಿನೈಕೊಸ್ ಎದುರಿನ ಕೊನೆಯ ಪಂದ್ಯ ಗೆದ್ದಿದ್ದರೆ ಅಂಕ 9 ಆಗುತ್ತಿತ್ತು. ಅಂದು ಬ್ರೆಮೆನ್‌ನಲ್ಲಿ ಸೋತ ಇಂಟರ್ 8ರಲ್ಲೇ ನಿಂತಿತು. ಅಂದರೆ ಗುಂಪಿನ ಅಗ್ರಸ್ಥಾನವೇ ಕೈಗೆಟುಕುವಷ್ಟು ಹತ್ತಿರವಿತ್ತು! 0-1 ಸೋಲು ಅವರನ್ನು ನೇರ ತಳಕ್ಕೆ ಇಳಿಸಿತು.

ಮರುವರ್ಷ ಒಲಿಂಪಿಯಾಕೊಸ್ ಕ್ಲಬ್ಬೇ ತನ್ನನ್ನು ಸೋಲಿಸಿದ ಈ ಕೋಚ್‌ನನ್ನು ಕರೆಸಿಕೊಂಡಿತು. ತಂಡವನ್ನು ಗುಂಪು ಹಂತಕ್ಕೆ ತಲುಪಿಸಿದರೂ ಕೆಲಸ ಉಳಿಯಲಿಲ್ಲ, ಸೆಪ್ಟೆಂಬರ್‌ನಲ್ಲೇ ಹೊರಬಿದ್ದರು. ಆಮೇಲೆ 2014ರವರೆಗೆ ಜಾರ್ಜಿಯಾ ರಾಷ್ಟ್ರೀಯ ತಂಡ ಅವರ ಕೈಯಲ್ಲಿತ್ತು. 2011ರ ಮಾರ್ಚ್‌ನಲ್ಲಿ ತ್ಬಿಲಿಸಿಯಲ್ಲಿ ಕ್ರೊಯೇಷಿಯಾವನ್ನು 1-0ರಿಂದ ಮಣಿಸಿದ್ದು ಆ ಅವಧಿಯ ಫಲ.