ಬ್ರಾಯ್ಲರ್ ಸಾಕಣೆ: ತಿಂದ ಫೀಡ್ ಎಲ್ಲಿಗೆ ಹೋಯಿತು?

ಬ್ರಾಯ್ಲರ್ ಅಂದರೆ ಮಾಂಸದ ಕೋಳಿ. ಅದರ ಪಾಠ ಓದುವಾಗ ಕಾವು, ಹಾಸು, ಲಸಿಕೆ, ಗಾಳಿ ಎಂದು ಪಟ್ಟಿ ಮೇಲೆ ಪಟ್ಟಿ ಬರುತ್ತದೆ. ಸುಮ್ನೆ ಬಾಯಿಪಾಠ ಮಾಡಿದರೆ ಪರೀಕ್ಷೆವರೆಗೆ ನೆನಪಿರುತ್ತದೆ, ಅಷ್ಟೇ. ಇದಕ್ಕಿಂತ ಸುಲಭದ ದಾರಿ ಒಂದಿದೆ. ಸಾಕುವ ಖರ್ಚಿನಲ್ಲಿ ಹೆಚ್ಚುಕಡಿಮೆ ಮೂರರಲ್ಲಿ ಎರಡು ಪಾಲು ಫೀಡ್‌ಗೇ ಹೋಗುತ್ತದೆ. ಹಾಗಾಗಿ ಶೆಡ್‌ನಲ್ಲಿ ಮಾಡುವ ಪ್ರತಿ ಕೆಲಸಕ್ಕೂ ಒಂದೇ ಪ್ರಶ್ನೆ ಕೇಳಿ: ಕೋಳಿ ತಿಂದದ್ದು ಮಾಂಸವಾಯಿತೋ, ಬೇರೆಲ್ಲೋ ಪೋಲಾಯಿತೋ?

ಇದನ್ನು ಅಳೆಯುವ ಲೆಕ್ಕವೇ ಎಫ್‌ಸಿಆರ್. ಅಂದರೆ ಫೀಡ್ ಕನ್ವರ್ಷನ್ ರೇಷಿಯೊ, ಒಂದು ಕೆ.ಜಿ. ತೂಕ ಬರಲು ಎಷ್ಟು ಕೆ.ಜಿ. ಫೀಡ್ ಬೇಕಾಯಿತು ಎಂಬುದು. ಎಫ್‌ಸಿಆರ್ 1.6 ಇದ್ದರೆ 2 ಕೆ.ಜಿ. ಕೋಳಿ 3.2 ಕೆ.ಜಿ. ಫೀಡ್ ತಿಂದಿದೆ ಎಂದರ್ಥ. ಈ ಸಂಖ್ಯೆ ಚಿಕ್ಕದಾದಷ್ಟೂ ಒಳ್ಳೆಯದು.

ಇಷ್ಟು ಬೇಗ ಬೆಳೆಯುವುದು ಹೇಗೆ?

ಹ್ಯಾಚರಿಯಿಂದ ಬರುವ ಮರಿ 40–45 ಗ್ರಾಂ ತೂಗುತ್ತದೆ. ಐದಾರು ವಾರದಲ್ಲಿ ಅದು 2 ಕೆ.ಜಿ. ದಾಟುತ್ತದೆ. "ಹಾರ್ಮೋನ್ ಇಂಜೆಕ್ಷನ್ ಕೊಡ್ತಾರೆ" ಎಂಬ ಮಾತು ಎಲ್ಲ ಕಡೆ ಕೇಳುತ್ತೇವೆ, ಅಲ್ವಾ? ಸ್ವಲ್ಪ ಯೋಚಿಸಿ. ಬೆಳವಣಿಗೆಯ ಹಾರ್ಮೋನ್ ಒಂದು ಪ್ರೋಟೀನ್. ಫೀಡ್‌ನಲ್ಲಿ ಬೆರೆಸಿದರೆ ಹೊಟ್ಟೆಯಲ್ಲೇ ಜೀರ್ಣವಾಗಿಬಿಡುತ್ತದೆ. ಇನ್ನು ಐದು ಸಾವಿರ ಕೋಳಿ ಹಿಡಿದು ಒಂದೊಂದಕ್ಕೂ ಮತ್ತೆ ಮತ್ತೆ ಸೂಜಿ ಚುಚ್ಚುವವರು ಯಾರು?

ನಿಜವಾದ ಕಾರಣ ತಳಿ. ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957, 1978 ಮತ್ತು 2005ರ ತಳಿಗಳನ್ನು ಒಂದೇ ಫೀಡ್ ಕೊಟ್ಟು ಬೆಳೆಸಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಕ್ಕೆ 1957ರ ತಳಿ 905 ಗ್ರಾಂ ತೂಗಿತು, 1978ರದ್ದು 1,808 ಗ್ರಾಂ, 2005ರದ್ದು 4,202 ಗ್ರಾಂ. ಫೀಡ್ ಒಂದೇ, ಕೋಳಿ ಬೇರೆ. ಆದರೆ ಇದಕ್ಕೆ ಕೋಳಿ ಬೆಲೆ ತೆರುತ್ತದೆ. ಎದೆಯ ಮಾಂಸ ಬೆಳೆಯುವ ವೇಗಕ್ಕೆ ಕಾಲೂ ಹೃದಯವೂ ಸಾಲುವುದಿಲ್ಲ. ಕುಂಟುವುದು, ಹೊಟ್ಟೆಯಲ್ಲಿ ನೀರು ತುಂಬುವುದು, ಚೆನ್ನಾಗಿ ತಿನ್ನುತ್ತಿದ್ದ ಕೋಳಿ ದಿಢೀರನೆ ಸಾಯುವುದು ಇದರಿಂದಲೇ.

ಹಾರ್ಮೋನ್ ಮಾತು ಸುಳ್ಳಾದರೂ ಆಂಟಿಬಯಾಟಿಕ್ ಚಿಂತೆ ನಿಜವಾದದ್ದೇ. ಎರಡನ್ನೂ ಕಲಸಬೇಡಿ. ಮನುಷ್ಯರಿಗೆ ಕೊನೆಯ ಅಸ್ತ್ರವಾಗಿ ಉಳಿಸಿಕೊಳ್ಳಬೇಕಾದ ಕೊಲಿಸ್ಟಿನ್ ಎಂಬ ಆಂಟಿಬಯಾಟಿಕ್ ಅನ್ನು ಕೋಳಿ, ಜಾನುವಾರುಗಳಿಗೆ ಬಳಸುವುದನ್ನು ಭಾರತ 2019ರಲ್ಲಿ ನಿಷೇಧಿಸಿತು.

ಮೊದಲ ವಾರವೇ ಮುಖ್ಯ

ಹೊಸ ಮರಿಗೆ ತನ್ನ ಮೈ ಬಿಸಿ ತಾನೇ ಕಾಪಾಡಿಕೊಳ್ಳಲು ಬರುವುದಿಲ್ಲ. ಚಳಿಯಾದರೆ ತಿಂದದ್ದೆಲ್ಲ ಮೈ ಬೆಚ್ಚಗಾಗಲು ಖರ್ಚಾಗುತ್ತದೆ, ಬೆಳವಣಿಗೆಗೆ ಏನೂ ಉಳಿಯುವುದಿಲ್ಲ. ಅದಕ್ಕೇ ಬ್ರೂಡಿಂಗ್. ತಗಡಿನ ಸುತ್ತುಗಟ್ಟಿನೊಳಗೆ ಬಲ್ಬು, ಗ್ಯಾಸ್ ಬ್ರೂಡರ್ ಅಥವಾ ಇದ್ದಿಲಿನ ಒಲೆಯಿಂದ ಕಾವು ಕೊಡುತ್ತಾರೆ. ಮೊದಲ ವಾರ 32–35 ಡಿಗ್ರಿ ಸೆಲ್ಸಿಯಸ್, ಆಮೇಲೆ ವಾರಕ್ಕೆ ಎರಡು ಮೂರು ಡಿಗ್ರಿ ಇಳಿಸುತ್ತಾ ಹೋಗಬೇಕು.

ಥರ್ಮಾಮೀಟರ್ ಇದ್ದರೂ ಮರಿಗಳನ್ನೇ ನೋಡುವುದು ಕಲಿಯಿರಿ. ಬ್ರೂಡರ್ ಕೆಳಗೆ ಒತ್ತಿಕೊಂಡು ಕಿಚಿಪಿಚಿ ಜಾಸ್ತಿ ಮಾಡಿದರೆ ಚಳಿ. ದೂರ ಸರಿದು ಬಾಯಿ ತೆರೆದಿದ್ದರೆ ಸೆಖೆ. ಎಲ್ಲವೂ ಒಂದೇ ಮೂಲೆ ಸೇರಿದರೆ ಇನ್ನೊಂದು ಕಡೆಯಿಂದ ಗಾಳಿ ನುಗ್ಗುತ್ತಿದೆ. ಸಮವಾಗಿ ಹರಡಿಕೊಂಡು ತಿನ್ನುತ್ತಾ ಇದ್ದರೆ ಕಾವು ಸರಿಯಿದೆ. ಬಂದ ಮರುದಿನ ಕತ್ತಿನ ಬುಡದ ಚೀಲ ಮುಟ್ಟಿ ನೋಡುತ್ತಾರೆ. ತುಂಬಿ ಮೆತ್ತಗಿದ್ದರೆ ಮರಿ ತಿಂದಿದೆ, ಕುಡಿದಿದೆ. ಗಟ್ಟಿಯಾಗಿದ್ದರೆ ನೀರು ಸಿಕ್ಕಿಲ್ಲ. ಏಳನೇ ದಿನಕ್ಕೆ ಮರಿ ಬಂದ ದಿನದ ತೂಕದ ನಾಲ್ಕು ಪಟ್ಟಾದರೂ ಇರಬೇಕು. ಇಲ್ಲಿ ಹಿಂದೆ ಬಿದ್ದದ್ದನ್ನು ಆಮೇಲೆ ಸರಿದೂಗಿಸುವುದು ಕಷ್ಟ, ಯಾಕೆಂದರೆ ಇಡೀ ಆಯಸ್ಸೇ ಐದಾರು ವಾರ.

ಹಾಸು

ಪಂಜರದಲ್ಲಿ ಸಾಕುವುದು ಹೆಚ್ಚಾಗಿ ಮೊಟ್ಟೆ ಕೋಳಿಯನ್ನು. ನಮ್ಮಲ್ಲಿ ಬ್ರಾಯ್ಲರ್ ಬೆಳೆಯುವುದು ನೆಲದ ಮೇಲೆ, ಎರಡು ಮೂರು ಇಂಚು ಭತ್ತದ ಹೊಟ್ಟಿನ ಹಾಸು ಹರಡಿ. ಒಂದು ಕೋಳಿಗೆ ಸುಮಾರು ಒಂದು ಚದರಡಿ ಜಾಗ.

ಪುಸ್ತಕದಲ್ಲಿ ಹಾಸಿನ ಬಗ್ಗೆ ಅರ್ಧ ಪುಟ ಕೂಡ ಇರುವುದಿಲ್ಲ, ಆದರೆ ರೋಗದ ಕಥೆ ಅಲ್ಲೇ ಶುರು. ಹಾಸು ಒದ್ದೆಯಾದರೆ ಹಿಕ್ಕೆಯಿಂದ ಅಮೋನಿಯಾ ಏಳುತ್ತದೆ. ಕಣ್ಣು ಉರಿಯುತ್ತದೆ, ಉಸಿರಿನ ದಾರಿ ಹಾಳಾಗುತ್ತದೆ, ರೋಗಾಣುಗಳಿಗೆ ಬಾಗಿಲು ತೆರೆಯುತ್ತದೆ. ಒಳಗೆ ಹೋದ ಕೂಡಲೇ ನಮ್ಮ ಕಣ್ಣು ಉರಿದರೆ, ಅಲ್ಲೇ ಮಲಗುವ ಕೋಳಿಯ ಪಾಡೇನು? ರಕ್ತಭೇದಿ ತರುವ ಕಾಕ್ಸಿಡಿಯಾ ಎಂಬ ಪರಾವಲಂಬಿ ಸೋಂಕು ಹರಡುವ ಶಕ್ತಿ ಪಡೆಯಲೂ ತೇವ ಬೇಕು. ಅದು ಕರುಳನ್ನೇ ಕೊರೆಯುವುದರಿಂದ ತಿಂದದ್ದು ಮೈಗೆ ಹತ್ತುವುದಿಲ್ಲ. ಕೋಳಿ ಸಾಯದಿದ್ದರೂ ಎಫ್‌ಸಿಆರ್ ಏರಿರುತ್ತದೆ.

ಒಂದು ಹಿಡಿ ಹಾಸು ಮುಷ್ಟಿಯಲ್ಲಿ ಒತ್ತಿ ಬಿಡಿ. ಉಂಡೆಯಾಗಿ ಉಳಿದರೆ ತೇವ ಜಾಸ್ತಿ. ಮೆಲ್ಲಗೆ ಉದುರಿದರೆ ಸರಿ. ದಿನವೂ ಹಾಸು ಕೆದಕಿ ತಿರುವುವುದು, ನೀರಿನ ನಿಪ್ಪಲ್ ಸೋರದಂತೆ ನೋಡುವುದು, ಅಗತ್ಯ ಬಿದ್ದರೆ ಸುಣ್ಣದ ಪುಡಿ ಬೆರೆಸುವುದು ಮಾಮೂಲಿ ಕೆಲಸ.

ಲಸಿಕೆ, ಬೇಸಿಗೆ

ಲಸಿಕೆಯ ಸಾಮಾನ್ಯ ಕ್ರಮ ಇದು: 5–7ನೇ ದಿನ ರಾಣಿಖೇತ್ ರೋಗಕ್ಕೆ ಲಸೋಟಾ ಎಂಬ ಲಸಿಕೆ, ಕಣ್ಣಿಗೆ ಹನಿ. 12–14ನೇ ದಿನ ಗಂಬೋರೋ ರೋಗದ ಲಸಿಕೆ. ನಾಲ್ಕನೇ ವಾರದ ಹೊತ್ತಿಗೆ ಮತ್ತೆ ಲಸೋಟಾ, ನೀರಿನಲ್ಲಿ. ಆ ನೀರಿನಲ್ಲಿ ಕ್ಲೋರಿನ್ ಇದ್ದರೆ ಲಸಿಕೆಯ ವೈರಾಣು ಸಾಯುತ್ತದೆ, ಹಾಗಾಗಿ ಕೆನೆ ತೆಗೆದ ಹಾಲಿನ ಪುಡಿ ಬೆರೆಸುತ್ತಾರೆ. ಯಾಕೆ ಎಂದು ವೈವಾದಲ್ಲಿ ಕೇಳಬಹುದು.

ಕೋಳಿಗೆ ಬೆವರು ಗ್ರಂಥಿ ಇಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಅದು ಏದುಸಿರು ಬಿಟ್ಟೇ ತಣ್ಣಗಾಗಬೇಕು. ತಿಂದದ್ದು ಜೀರ್ಣವಾಗುವಾಗಲೂ ಮೈ ಬಿಸಿಯೇರುತ್ತದೆ. ಅದಕ್ಕೇ ಮಧ್ಯಾಹ್ನ ಫೀಡ್ ಎತ್ತಿಟ್ಟು ಬೆಳಗಿನ ಜಾವ, ರಾತ್ರಿ ಕೊಡುತ್ತಾರೆ. ಶೆಡ್‌ನ ಉದ್ದವನ್ನು ಪೂರ್ವ–ಪಶ್ಚಿಮಕ್ಕೆ ಇಡುವುದೂ ಬಿಸಿಲು ನೇರ ಒಳಗೆ ಬೀಳದಿರಲಿ ಎಂದೇ.

ಕೋಳಿ ಯಾರದ್ದು?

ಹೆಚ್ಚಿನ ಕಡೆ ರೈತನದ್ದಲ್ಲ. ತಮಿಳುನಾಡಿನ ಕೊಯಮತ್ತೂರು, ಉಡುಮಲೈಪೇಟೆ ಕಡೆ 1990ರ ದಶಕದಲ್ಲಿ ಬೇರೂರಿದ ಕರಾರು ಪದ್ಧತಿ ಕರ್ನಾಟಕಕ್ಕೂ ಹರಡಿದೆ. ಮರಿ, ಫೀಡ್, ಔಷಧಿ ಕಂಪನಿಯದ್ದು. ಶೆಡ್, ಕರೆಂಟು, ನೀರು, ಹೊಟ್ಟು, ದುಡಿಮೆ ರೈತನದ್ದು. ಕೊನೆಗೆ ಕೆ.ಜಿ. ಲೆಕ್ಕದಲ್ಲಿ ಸಾಕಣೆ ಕೂಲಿ. ಮಾರುಕಟ್ಟೆ ದರ ಬಿದ್ದರೆ ಆ ಪೆಟ್ಟು ಮೊದಲು ಕಂಪನಿಗೆ, ಇದು ಅನುಕೂಲ. ಆದರೆ ಮರಿಯ ಗುಣಮಟ್ಟ ರೈತನ ಕೈಯಲ್ಲಿಲ್ಲ, ಎಫ್‌ಸಿಆರ್ ಕೆಟ್ಟರೆ ಕೂಲಿ ಕಡಿಮೆಯಾಗುವುದು ಮಾತ್ರ ಅವನಿಗೇ. ಶೆಡ್‌ನ ಸಾಲವೂ ಅವನ ಹೆಸರಲ್ಲೇ ಇರುತ್ತದೆ. ಅನುಕೂಲ–ಅನಾನುಕೂಲ ಬರೆಯುವಾಗ ಈ ಅಂಶ ಬಿಡಬೇಡಿ.

ಬ್ಯಾಚ್ ಹೇಗಿತ್ತು ಎಂದು ನೋಡಲು ಇಇಎಫ್ (ಯುರೋಪಿಯನ್ ಎಫಿಶಿಯನ್ಸಿ ಫ್ಯಾಕ್ಟರ್) ಎಂಬ ಸೂತ್ರವಿದೆ. ಬದುಕುಳಿದ ಶೇಕಡಾವನ್ನು ಸರಾಸರಿ ತೂಕದಿಂದ ಗುಣಿಸಿ. ಅದನ್ನು ವಯಸ್ಸು ಮತ್ತು ಎಫ್‌ಸಿಆರ್‌ಗಳ ಗುಣಲಬ್ಧದಿಂದ ಭಾಗಿಸಿ, 100ರಿಂದ ಗುಣಿಸಿ. ಉದಾಹರಣೆಗೆ ಶೇ 95 ಬದುಕುಳಿದು, ತೂಕ 2.1 ಕೆ.ಜಿ., ವಯಸ್ಸು 38 ದಿನ, ಎಫ್‌ಸಿಆರ್ 1.6 ಇದ್ದರೆ: 199.5 ÷ 60.8 × 100 = 328. ಇದು ಒಳ್ಳೆಯ ಬ್ಯಾಚ್. ಕುಂಟುತ್ತಿದ್ದ ಕೋಳಿ ಎಷ್ಟಿದ್ದವು ಎಂಬುದು ಮಾತ್ರ ಈ ಸೂತ್ರಕ್ಕೆ ಕಾಣುವುದಿಲ್ಲ.

ಶ್ರಾವಣದ ಲೆಕ್ಕ

ಮೊಟ್ಟೆ ಮರಿಯಾಗಲು 21 ದಿನ, ಮರಿ ಬೆಳೆಯಲು 38 ದಿನ ಎಂದುಕೊಳ್ಳಿ. ಯುಗಾದಿಯ ಹೊಸತೊಡಕಿಗೆ ಬೇಕಾದ ಕೋಳಿಯ ಮೊಟ್ಟೆಯನ್ನು ಎರಡು ತಿಂಗಳು ಮೊದಲೇ ಯಂತ್ರಕ್ಕೆ ಇಟ್ಟಿರಬೇಕು. ಶ್ರಾವಣದಲ್ಲಿ ಇದರ ಉಲ್ಟಾ. ತುಂಬಾ ಜನ ಮಾಂಸ ಬಿಡುತ್ತಾರೆ, ದರ ಇಳಿಯುತ್ತದೆ, ಲಾರಿ ತಡವಾಗಿ ಬರುತ್ತದೆ. ಶೆಡ್‌ನಲ್ಲಿ ಉಳಿದ ಕೋಳಿ ಸುಮ್ಮನಿರುವುದಿಲ್ಲ, ತಿನ್ನುತ್ತಲೇ ಇರುತ್ತದೆ. ದೊಡ್ಡದಾದಷ್ಟೂ ಮೈ ನಿಭಾಯಿಸಲೇ ಹೆಚ್ಚು ಫೀಡ್ ಬೇಕು, ಹಾಗಾಗಿ ಕೊನೆಯ ದಿನಗಳಲ್ಲಿ ಸೇರುವ ಪ್ರತಿ ಕೆ.ಜಿ. ಮೊದಲಿನದ್ದಕ್ಕಿಂತ ದುಬಾರಿ. ದರ ಇಳಿದಿರುವ ಹೊತ್ತಿನಲ್ಲೇ ಎಫ್‌ಸಿಆರ್ ಏರುತ್ತದೆ.