ಮಾಸ್ಕ್ ತೆಗೆಯಲಾಗದ ಕೈಗಳು

ಸ್ನಾಯುಗಳನ್ನು ನಡೆಸುವ ನರಕೋಶಗಳು ನಾಶವಾಗುತ್ತಾ ಹೋಗುವ ಮೋಟಾರ್ ನ್ಯೂರಾನ್ ಕಾಯಿಲೆಯವರ ಮನೆಗೆ, ಮಾಸ್ಕಿನ ಮೂಲಕ ಒತ್ತಡದಿಂದ ಗಾಳಿಯನ್ನು ಒಳಗೆ ತಳ್ಳುವ ಬೈಪ್ಯಾಪ್ ಯಂತ್ರ ಅಳವಡಿಸಲು ಹೋದಾಗ ನಾನು ಮೊದಲು ಗಮನಿಸುವುದು ಅವರ ಕೈಗಳನ್ನು. ನಿದ್ರೆಯಲ್ಲಿ ಉಸಿರು ಕಟ್ಟುವ ತೊಂದರೆಗೆ ಇಂಥದೇ ಯಂತ್ರ ಬಳಸುವವರು ಮಧ್ಯರಾತ್ರಿ ಕಿರಿಕಿರಿಯಾದರೆ ಮಾಸ್ಕನ್ನು ಕಿತ್ತು ಪಕ್ಕಕ್ಕಿಡುತ್ತಾರೆ. ಈ ಕಾಯಿಲೆಯಲ್ಲಿ ಉಸಿರಾಟದ ಸ್ನಾಯುಗಳು ಸೋಲುವ ವೇಳೆಗೆ ಅನೇಕರಿಗೆ ಕೈಯನ್ನು ಮುಖದವರೆಗೆ ಎತ್ತಲು ಆಗುವುದಿಲ್ಲ. ಮನೆಯ ಆರೈಕೆಯ ಬಹುಪಾಲು ನಿರ್ಧಾರಗಳು ಈ ಒಂದು ಸಂಗತಿಯಿಂದಲೇ ಹೊರಡಬೇಕು ಎಂಬುದನ್ನು ಮನೆಭೇಟಿಗಳು ನನಗೆ ಕಲಿಸಿವೆ.

ಇಲ್ಲಿ ಶ್ವಾಸಕೋಶಕ್ಕೆ ಸಾಮಾನ್ಯವಾಗಿ ರೋಗವಿರುವುದಿಲ್ಲ. ಅದನ್ನು ಹಿಗ್ಗಿಸುವ ವಪೆ (ಎದೆಗೂ ಹೊಟ್ಟೆಗೂ ನಡುವಿನ ಸ್ನಾಯು) ಬಲ ಕಳೆದುಕೊಂಡಿರುತ್ತದೆ. ಅಂಗಾತ ಮಲಗಿದಾಗ ಹೊಟ್ಟೆಯ ಅಂಗಗಳು ವಪೆಯನ್ನು ಮೇಲಕ್ಕೊತ್ತುವುದರಿಂದಲೂ, ನಿದ್ರೆಯಲ್ಲಿ ಕುತ್ತಿಗೆ ಮತ್ತು ಎದೆಯ ಸಹಾಯಕ ಸ್ನಾಯುಗಳು ಸಡಿಲಗೊಳ್ಳುವುದರಿಂದಲೂ ತೊಂದರೆ ಮೊದಲು ರಾತ್ರಿಯಲ್ಲಿ ಕಾಣಿಸಿಕೊಳ್ಳುತ್ತದೆ. ದಿಂಬಿನ ಮೇಲೆ ದಿಂಬು ಬೇಕಾಗುವುದು, ಬೆಳಗಿನ ತಲೆನೋವು, ಹಗಲಿನ ತೂಕಡಿಕೆ ಇವನ್ನೆಲ್ಲ ಮನೆಯವರು ಬರಿಯ ದಣಿವೆಂದುಕೊಳ್ಳುತ್ತಾರೆ. ರಕ್ತದಲ್ಲಿ ಇಂಗಾಲದ ಡೈಆಕ್ಸೈಡ್‌ನ ಒತ್ತಡ 45 ಮಿಲಿಮೀಟರ್ ಪಾದರಸವನ್ನು ದಾಟಿದರೆ, ಅಥವಾ ಉಸಿರಿನ ಸಾಮರ್ಥ್ಯ (ಪೂರ್ತಿ ಉಸಿರೆಳೆದು ಹೊರಬಿಡಬಲ್ಲ ಗಾಳಿ) ನಿರೀಕ್ಷಿತ ಪ್ರಮಾಣದ ಶೇ 50ಕ್ಕಿಂತ ಕೆಳಗಿಳಿದರೆ ಯಂತ್ರವನ್ನು ಆರಂಭಿಸುತ್ತೇವೆ. ಲಕ್ಷಣಗಳು ಸ್ಪಷ್ಟವಾಗಿದ್ದರೆ ಅಂಕಿಗಾಗಿ ಕಾಯುವುದಿಲ್ಲ.

ಸುತ್ತಲಿನ ಗಾಳಿಯಿಂದ ಆಮ್ಲಜನಕವನ್ನು ಬೇರ್ಪಡಿಸಿಕೊಡುವ, ಬಾಡಿಗೆಗೆ ತಂದ ಆಕ್ಸಿಜನ್ ಕಾನ್ಸನ್‌ಟ್ರೇಟರ್ ಮಾತ್ರ ಓಡುತ್ತಿರುವ ಮನೆಯನ್ನು ಕಂಡರೆ ನನಗೆ ಆತಂಕವಾಗುತ್ತದೆ. ಆಮ್ಲಜನಕವು ಆಕ್ಸಿಮೀಟರಿನ ಅಂಕಿಯನ್ನು ಏರಿಸುತ್ತದೆಯೇ ಹೊರತು ಗಾಳಿಯನ್ನು ಒಳಗೆ ತಳ್ಳುವುದಿಲ್ಲ. ಅಂಕಿ 98 ಇದ್ದರೂ ಒಳಗೆ ಇಂಗಾಲದ ಡೈಆಕ್ಸೈಡ್ ಕೂಡುತ್ತಾ ರೋಗಿ ಮಂಪರಿಗೆ ಜಾರುತ್ತಾರೆ. ಬೈಪ್ಯಾಪ್ ಮಾಡುವ ಕೆಲಸವೇ ಬೇರೆ. ಇಂಗ್ಲೆಂಡಿನ ನ್ಯೂಕ್ಯಾಸಲ್‌ನಲ್ಲಿ ನಡೆದು 2006ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನುಂಗುವ ಮತ್ತು ಮಾತಿನ ಸ್ನಾಯುಗಳು ತೀರಾ ದುರ್ಬಲವಾಗಿರದ ರೋಗಿಗಳು ಇದರ ನೆರವಿನಿಂದ ಮಧ್ಯಾಂಕದ (ಸಾಲಿನ ನಟ್ಟನಡುವಿನ ರೋಗಿಯ) ಲೆಕ್ಕದಲ್ಲಿ 205 ದಿನ ಹೆಚ್ಚು ಬದುಕಿದರು. ಉಳಿದವರ ಆಯುಷ್ಯ ಹೆಚ್ಚದಿದ್ದರೂ ನಿದ್ರೆಗೆ ಸಂಬಂಧಿಸಿದ ತೊಂದರೆಗಳು ತಗ್ಗಿದವು, ಮತ್ತು ಅದು ಸಣ್ಣ ಲಾಭವೆಂದು ನಾನು ಭಾವಿಸುವುದಿಲ್ಲ.

ಇನ್ನು ಕೈಗಳ ವಿಚಾರ. ಬಾಯಿ ಮುಚ್ಚಿರಲು ಸಾಧ್ಯವಾದರೆ ಮೂಗಿಗಷ್ಟೇ ಕೂರುವ ಮಾಸ್ಕನ್ನು ಆರಿಸುತ್ತೇನೆ, ಏಕೆಂದರೆ ಮೂಗು ಬಾಯಿ ಎರಡನ್ನೂ ಮುಚ್ಚುವ ಮಾಸ್ಕಿನೊಳಗೆ ವಾಂತಿಯಾದರೆ ತಾವೇ ಅದನ್ನು ತೆಗೆಯಲಾಗದವರಿಗೆ ಅಪಾಯ ಹೆಚ್ಚು. ಬೇರೆ ಆಕಾರದ ಇನ್ನೊಂದು ಮಾಸ್ಕನ್ನು ಅದಲುಬದಲಾಗಿ ಬಳಸಿದರೆ ಮೂಗಿನ ಮೇಲೆ ಹುಣ್ಣಾಗುವುದು ತಪ್ಪುತ್ತದೆ. ಕರೆಗಂಟೆಯ ಸ್ವಿಚ್ಚನ್ನು ಇನ್ನೂ ಅಲುಗುವ ಅಂಗದ ಬಳಿ, ಕೆನ್ನೆಗೋ ಕಾಲ್ಬೆರಳಿಗೋ ತಾಗುವಂತೆ ಇಡಬೇಕು. ತಿಂಗಳು ಕಳೆದಂತೆ ಆ ಜಾಗವೂ ಬದಲಾಗುತ್ತದೆ. ಅದೇ ಕೋಣೆಯಲ್ಲಿ ಒಬ್ಬರು ಮಲಗಬೇಕು, ಆದರೆ ಪ್ರತಿ ರಾತ್ರಿ ಹೆಂಡತಿಯೊಬ್ಬರೇ ಅಲ್ಲ. ಮಳೆಗಾಲದಲ್ಲಿ ಗಂಟೆಗಟ್ಟಲೆ ಕರೆಂಟ್ ಹೋಗುವ ಮಲೆನಾಡಿನ ಮನೆಗಳಲ್ಲಿ ಯಂತ್ರಕ್ಕೆ ಬ್ಯಾಟರಿ ಬೇಕು, ಮಂಚದ ಪಕ್ಕದಲ್ಲಿ ಕೈಯಿಂದ ಒತ್ತಿ ಉಸಿರು ತುಂಬುವ ಆಂಬು ಬ್ಯಾಗ್ ಇರಬೇಕು. ದೀಪ ಆರಿಸಿ ಅದನ್ನು ಬಳಸುವ ಅಭ್ಯಾಸವನ್ನು ಮನೆಯವರಿಂದ ನಾನು ಒಮ್ಮೆಯಾದರೂ ಮಾಡಿಸುತ್ತೇನೆ. ಕೆಮ್ಮಿನ ರಭಸ ನಿಮಿಷಕ್ಕೆ 270 ಲೀಟರಿಗಿಂತ ತಗ್ಗಿದವರಿಗೆ ಕಫ ಹೊರತರಲು ಬೇರೆ ನೆರವು ಬೇಕಾಗುತ್ತದೆ.

ಗಂಟಲಿಗೆ ರಂಧ್ರ ಮಾಡಿ ವೆಂಟಿಲೇಟರ್ ಜೋಡಿಸುವ ಪ್ರಶ್ನೆಯನ್ನು ತುರ್ತು ನಿಗಾ ಘಟಕದ ಬಾಗಿಲಲ್ಲಿ ಕೇಳುವಂತಾಗಬಾರದು. ಅದರ ಹಿಂದೆ ವರ್ಷಗಟ್ಟಲೆ ಇಪ್ಪತ್ತನಾಲ್ಕು ಗಂಟೆಯೂ ಸಕ್ಷನ್ ಮಾಡಬಲ್ಲವರು (ಕೊಳವೆಯಿಂದ ಕಫ ಹೀರಿ ತೆಗೆಯಬಲ್ಲವರು) ಮನೆಯಲ್ಲಿರಬೇಕೆಂಬ ಮಾತನ್ನು ರೋಗಿಯ ಎದುರಿನಲ್ಲೇ ಆಡುತ್ತೇನೆ. ಬೇಡವೆನ್ನುವ ಹಕ್ಕು ಅವರಿಗಿದೆ. ಸುಪ್ರೀಂ ಕೋರ್ಟ್ 2018ರಲ್ಲಿ ಮಾನ್ಯಮಾಡಿ 2023ರಲ್ಲಿ ಸರಳಗೊಳಿಸಿದ, ಮುಂದೆ ಯಾವ ಚಿಕಿತ್ಸೆ ಬೇಡವೆಂದು ಮೊದಲೇ ಬರೆದಿಡುವ ಮುಂಗಡ ವೈದ್ಯಕೀಯ ನಿರ್ದೇಶನವನ್ನು ಇಬ್ಬರು ಸಾಕ್ಷಿಗಳ ಎದುರು ಬರೆದು, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯ ಮುಂದೆ ದೃಢೀಕರಿಸಿದರೆ ಸಾಕು. ಅದಕ್ಕೆ ರೋಗಿಯೇ ಸಹಿ ಹಾಕಬೇಕಾದ್ದರಿಂದ, ಬೆರಳುಗಳು ಪೆನ್ನು ಹಿಡಿಯುತ್ತಿರುವಾಗಲೇ ಆ ಮಾತನ್ನು ಎತ್ತುತ್ತೇನೆ.